ಸೋರಿಹೋದ ಗಾಳಿಯ ಲೆಕ್ಕ



ನಮ್ಮ ಜತ್ತ ಸೀಮೆಯಿಂದ ಜಮಖಂಡಿ ಬಹಳ ದೂರವಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಗೆ ಅಲ್ಲಿ ಬೀಗರಿದ್ದಾರೆ. ಅದು ಪಟವರ್ಧನರ ಸಂಸ್ಥಾನವಾಗಿದ್ದ ಕಾಲದಲ್ಲಿ, 1868ರ ಆಗಸ್ಟ್ 18ರಂದು, ಅಲ್ಲಿ ಹಾಡುಹಗಲೇ ಕತ್ತಲೆಯಾಯಿತು. ಖಗ್ರಾಸ ಸೂರ್ಯಗ್ರಹಣ. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಬಂದಿದ್ದ ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬ ಸರ್ವೇ ಅಧಿಕಾರಿ, ಮೋಡಗಳ ಕಾಟದ ನಡುವೆ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಯಂತ್ರಕ್ಕೆ ಕಣ್ಣಿಟ್ಟು ಕೂತಿದ್ದರು. ಸೂರ್ಯನ ಅಂಚಿನ ಜ್ವಾಲೆಯಲ್ಲಿ ಅವರಿಗೆ ಕೆಂಪು, ಕಿತ್ತಳೆ, ನೀಲಿ ಎಂದು ಮೂರು ಗೆರೆಗಳು ಕಂಡವು. ಕಿತ್ತಳೆ ಗೆರೆಯನ್ನು ಅವರು ಸೋಡಿಯಂನದು, ಅಂದರೆ ನಮ್ಮ ಅಡಿಗೆ ಉಪ್ಪಿನಲ್ಲಿರುವ ಧಾತುವಿನದು, ಎಂದು ತಿಳಿದರು.

ಅದು ಸೋಡಿಯಂನದಾಗಿರಲಿಲ್ಲ. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣವಿಲ್ಲದೆಯೇ ಆ ಗೆರೆಯನ್ನು ಹಿಡಿದು, ಅದು ಸೋಡಿಯಂ ಗೆರೆಗಳ ಪಕ್ಕದಲ್ಲಿದೆಯೇ ಹೊರತು ಅವುಗಳ ಮೇಲೆ ಬೀಳುವುದಿಲ್ಲ ಎಂದು ಕಂಡುಕೊಂಡರು. ಗ್ರೀಕರ ಸೂರ್ಯನ ಹೆಸರಿನಿಂದ ಆ ಹೊಸ ಧಾತುವಿಗೆ ಹೀಲಿಯಂ ಎಂಬ ಹೆಸರು ಬಂತು. ಜಾತ್ರೆಯಲ್ಲಿ ದಾರ ಹಿಡಿದರೆ ಮೇಲಕ್ಕೆಳೆಯುವ ಫುಗ್ಗೆಯೊಳಗಿನ ಗಾಳಿ ಅದೇ.

ಸೂರ್ಯನ ಗಾಳಿ ಭೂಮಿಯ ಮೇಲೆ ಎಲ್ಲಿ ಸಿಕ್ಕಿತು ಗೊತ್ತೇ? ಕಲ್ಲಿನ ಹೊಟ್ಟೆಯಲ್ಲಿ! ಅಮೆರಿಕದ ಹಿಲ್ಲೆಬ್ರಾಂಡ್ ಎಂಬವರು ಯುರೇನಿಯಂ ಅದಿರನ್ನು ಆಮ್ಲದಲ್ಲಿ ಕುದಿಸಿ ಅದನ್ನು ಹೊರತೆಗೆದಿದ್ದರು. ಆದರೆ ನೈಟ್ರೋಜನ್ ಎಂದು ಬರೆದು ಕೈಬಿಟ್ಟರು. 1895ರಲ್ಲಿ ವಿಲಿಯಂ ರಾಮ್ಸೆ ಕ್ಲೀವೈಟ್ ಎಂಬ ಯುರೇನಿಯಂ ಖನಿಜದಿಂದ ಅದೇ ಗಾಳಿ ತೆಗೆದು, ಸೂರ್ಯನಲ್ಲಿ ಕಂಡ ಗೆರೆಯನ್ನೇ ಅದರಲ್ಲಿ ಕಂಡರು.

ಅದು ಕಲ್ಲಿನೊಳಗೆ ಹೇಗೆ ಬಂತು ಎಂಬ ಪ್ರಶ್ನೆಯಿಂದಲೇ ನನ್ನ ಕಥೆ ಶುರುವಾಗುತ್ತದೆ. ನಾನು ಓದಿದ್ದು ಮೆಟ್ರಿಕ್. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನ ಗುಮಾಸ್ತಿಕೆ. ಆದ್ದರಿಂದ ಖಾತೆಯ ಭಾಷೆಯಲ್ಲೇ ಹೇಳುತ್ತೇನೆ. ಯುರೇನಿಯಂ ಪರಮಾಣು ತಾನಾಗಿ ಒಡೆಯುತ್ತ ಒಡೆಯುತ್ತ ಕೊನೆಗೆ ಸೀಸವಾಗುತ್ತದೆ. ಆ ದಾರಿಯಲ್ಲಿ ಎಂಟು ಹೀಲಿಯಂಗಳನ್ನು ಜಮಾ ಮಾಡುತ್ತದೆ. ಥೋರಿಯಂ ಆದರೆ ಆರು. ಈ ಜಮಾದ ವೇಗ ಗೊತ್ತಿದೆ. ಹಾಗಾದರೆ ಶಿಲ್ಕು ನೋಡಿ ಖಾತೆ ತೆರೆದ ದಿನ ಹೇಳಬಹುದಲ್ಲವೇ? ನ್ಯೂಜಿಲೆಂಡಿನಲ್ಲಿ ಹುಟ್ಟಿದ ಅರ್ನೆಸ್ಟ್ ರುದರ್ಫರ್ಡ್ ಇದನ್ನೇ ಮಾಡಿದರು. 1906ರ ಹೊತ್ತಿಗೆ ಒಂದು ಖನಿಜಕ್ಕೆ ಸುಮಾರು 50 ಕೋಟಿ ವರ್ಷ ಎಂದು ಲೆಕ್ಕ ಕೊಟ್ಟರು. ಭೂಮಿಗೆ ಕೆಲವೇ ಕೋಟಿ ವರ್ಷ ಎಂದು ದೊಡ್ಡ ಪಂಡಿತ ಲಾರ್ಡ್ ಕೆಲ್ವಿನ್ ಸಾರುತ್ತಿದ್ದ ಕಾಲ ಅದು. ಎಷ್ಟು ಧೈರ್ಯ ನೋಡಿ.

ಆದರೆ ಖಾತೆಯಿಂದ ಯಾರೋ ಚೀಟಿಯಿಲ್ಲದೆ ಹಣ ತೆಗೆಯುತ್ತಿದ್ದರು. ರಾಬರ್ಟ್ ಸ್ಟ್ರಟ್ ಎಂಬವರು ಹತ್ತಾರು ಖನಿಜಗಳನ್ನು ಪರೀಕ್ಷಿಸಿ, ಹೀಲಿಯಂ ಸೋರುತ್ತದೆ, ಆದ್ದರಿಂದ ನನ್ನ ಲೆಕ್ಕವೆಲ್ಲ ಕನಿಷ್ಠ ವಯಸ್ಸು ಮಾತ್ರ ಎಂದು ತಾವೇ ಒಪ್ಪಿ ಪ್ರಕಟಿಸಿದರು. ವರ್ಷಗಟ್ಟಲೆ ದುಡಿದ ವಿಧಾನದ ತೂತನ್ನು ತಾನೇ ಎತ್ತಿ ತೋರಿಸುವುದು ಸಣ್ಣ ಮಾತಲ್ಲ. ಅವರ ಶಿಷ್ಯ ಆರ್ಥರ್ ಹೋಮ್ಸ್ 1911ರಲ್ಲಿ ಹೀಲಿಯಂ ಬಿಟ್ಟು, ಸೋರದ ಸೀಸವನ್ನು ನಂಬಿದರು. ಹೀಲಿಯಂ ಗಡಿಯಾರ ಹೆಚ್ಚುಕಡಿಮೆ ಮೂಲೆ ಸೇರಿತು.

ಇಲ್ಲಿ ನನ್ನದೊಂದು ಮಾತು. ಒಂದು ಸಲ ಮಾರ್ಚ್ ಅಖೈರಿಗೆ ನಮ್ಮ ಶಾಖೆಯ ಲೆಕ್ಕದಲ್ಲಿ 270 ರೂಪಾಯಿ ಕೂಡಿಬರಲಿಲ್ಲ. ತರುಣ ಗುಮಾಸ್ತ ನಾನು, ಅಳುವುದೊಂದೇ ಬಾಕಿ. ಹಿರಿಯರೊಬ್ಬರು ಬಂದು, "ತಮ್ಮಾ, ಒಂಬತ್ತರಿಂದ ಭಾಗ ಹೋಗತದೇನು ನೋಡು" ಎಂದರು. ಹೋಯಿತು. "ಹಾಂಗಾದರ ರೊಕ್ಕ ಹೋಗಿಲ್ಲ, ಅಂಕಿ ಅದಲುಬದಲಾಗ್ಯಾವ." ಹುಡುಕಿದರೆ 740ನ್ನು 470 ಎಂದು ಬರೆದಿದ್ದೆ. ಫರಕೇ ತನ್ನ ಕಾರಣವನ್ನು ಹೇಳಿಬಿಟ್ಟಿತ್ತು.

ಹೀಲಿಯಂ ವಿಷಯದಲ್ಲಿಯೂ ಹಾಗೆಯೇ ಆಯಿತು. ಸೋರಿಕೆ ತಪ್ಪಲ್ಲ, ಅದೂ ಒಂದು ದಾಖಲೆ ಎಂದು ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು. ಹೀಲಿಯಂ ಯಾವುದರ ಜೊತೆಗೂ ಬೆರೆಯದ ಸಣ್ಣ ಪರಮಾಣು. ಹರಳಿನೊಳಗೆ ಸಂದಿಯಿಂದ ಸಂದಿಗೆ ಜಿಗಿಯುತ್ತ ಅಂಚಿಗೆ ಬಂದು ಹಾರಿಹೋಗುತ್ತದೆ. ಬಿಸಿ ಹೆಚ್ಚಿದಷ್ಟು ಜಿಗಿತ ಹೆಚ್ಚು. ಆದರೆ ಎಲ್ಲ ಕಲ್ಲುಗಳದೂ ಒಂದೇ ಸ್ವಭಾವವಲ್ಲ. ಬೇಸಿಗೆಯಲ್ಲಿ ನಮ್ಮ ಮಣ್ಣಿನ ಹರವಿಯಿಂದ ನೀರು ಜಿನುಗುತ್ತದೆ, ತಾಮ್ರದ ಕೊಡದಿಂದ ಜಿನುಗುವುದಿಲ್ಲವಲ್ಲ, ಹಾಗೆ. ಬೆಣಚುಕಲ್ಲು ಸಾಮಾನ್ಯ ಹವೆಯಲ್ಲಿಯೇ ಹೀಲಿಯಂ ಬಿಟ್ಟುಕೊಡುತ್ತದೆ. ನಮ್ಮ ಹಲ್ಲು-ಎಲುಬಿನ ಬಳಗಕ್ಕೆ ಸೇರಿದ ಅಪಟೈಟ್, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್, ಸುಮಾರು 70 ಡಿಗ್ರಿಗಿಂತ ತಣ್ಣಗಾದ ಮೇಲೆ ಹಿಡಿದಿಡುತ್ತದೆ. ನೀವು ಬಶಿಗೆ ಸುರಿದು ಆರಿಸುವ ಚಹಾದಷ್ಟು ಬಿಸಿ ಅದು. ಜಿರ್ಕಾನ್ ಗಟ್ಟಿಗ, ಸುಮಾರು 180 ಡಿಗ್ರಿಯಲ್ಲಿಯೇ ಬಾಗಿಲು ಹಾಕುತ್ತದೆ.

ಬಾವಿ ತೋಡಿದವರಿಗೆ ಗೊತ್ತು, ಆಳಕ್ಕೆ ಹೋದಂತೆ ಭೂಮಿ ಬಿಸಿ. ಒಂದು ಕಿಲೋಮೀಟರಿಗೆ ಸಾಧಾರಣ 25ರಿಂದ 30 ಡಿಗ್ರಿ ಏರುತ್ತದೆ. ಹಾಗಾದರೆ ಅಪಟೈಟ್ ಹೇಳುವುದು ಕಲ್ಲು ಹುಟ್ಟಿದ ದಿನವನ್ನಲ್ಲ. ಮೇಲಿನ ನೆಲ ಸವೆದು, ಆ ಕಲ್ಲು ಎರಡು ಕಿಲೋಮೀಟರ್ ಆಳದಿಂದ ಮೇಲೆ ಬಂದ ಕಾಲವನ್ನು! ಬೆಟ್ಟ ಎಂದು ಎದ್ದಿತು, ಕಣಿವೆ ಎಂದು ಕೊರೆಯಿತು ಎಂಬುದನ್ನು ಸೀಸ ಹೇಳಲಾರದು, ಸೋರುವ ಹೀಲಿಯಂ ಹೇಳುತ್ತದೆ. ಪೀಟರ್ ಜೈಟ್ಲರ್ ಮತ್ತು ಸಂಗಡಿಗರು 1987ರಲ್ಲಿ ಈ ದಾರಿ ತೆರೆದರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕೆನ್ ಫಾರ್ಲಿ ಅದನ್ನು ಬೆಳೆಸಿದರು.

ಅಷ್ಟರಿಂದ ತಕರಾರು ಮುಗಿಯಲಿಲ್ಲ. ಒಂದೇ ಕಲ್ಲಿನ ಎರಡು ಅಪಟೈಟ್ ಕಣಗಳು ಬೇರೆ ಬೇರೆ ವಯಸ್ಸು ಹೇಳತೊಡಗಿದವು. ಯುರೇನಿಯಂ ಹೆಚ್ಚಿರುವ ಹರಳಿಗೆ ಒಳಗೇ ಗಾಯಗಳಾಗುತ್ತವೆ, ಆ ಗಾಯದ ಗುಳಿಗಳಲ್ಲಿ ಹೀಲಿಯಂ ಸಿಕ್ಕಿಬೀಳುತ್ತದೆ ಎಂದು 2006ರಲ್ಲಿ ಶುಸ್ಟರ್, ಫ್ಲವರ್ಸ್, ಫಾರ್ಲಿ ವಿವರಿಸಿದರು. ಜಿರ್ಕಾನಿನಲ್ಲಿ ಗಾಯ ಮಿತಿಮೀರಿದರೆ ಉಲ್ಟಾ. ಗುಳಿಗಳು ಒಂದಕ್ಕೊಂದು ಕೂಡಿ ಓಣಿಯಾಗಿ, ಗಾಳಿ ಸಲೀಸಾಗಿ ಹೋಗುತ್ತದೆ. ಅಪಟೈಟಿನಲ್ಲಿ ಫ್ಲೋರಿನ್ ಬದಲು ಕ್ಲೋರಿನ್ ಹೆಚ್ಚಿದ್ದರೆ ಹೀಲಿಯಂನ ನಡಿಗೆ ನಿಧಾನವಾಗುತ್ತದೆ ಎಂದು 2015ರಲ್ಲಿ ಪ್ರಕಟವಾದ ಲೆಕ್ಕವೊಂದು ತೋರಿಸಿತು. ಆದ್ದರಿಂದ ಈಗ ಪ್ರತಿ ಕಣದ ಕುಲಗೋತ್ರವನ್ನೂ ವಿಚಾರಿಸಬೇಕು.

ಆ ಕಣ ಎಷ್ಟು ದೊಡ್ಡದು ಅಂತೀರಿ? ರವೆಯ ಕಾಳಿಗಿಂತ ಸಣ್ಣದು. ಅದನ್ನು ಚಿಮಟದಿಂದ ಎತ್ತಿ, ಪ್ಲಾಟಿನಂ ತಗಡಿನ ಪುಟಾಣಿ ಪೊಟ್ಟಣದಲ್ಲಿ ಮುಚ್ಚಿ, ಲೇಸರ್ ಬೆಳಕಿನಿಂದ ಕಾಯಿಸಿ, ಹೊರಬಂದ ಹೀಲಿಯಂ ಅಳೆಯುತ್ತಾರೆ. ಮತ್ತೊಮ್ಮೆ ಕಾಯಿಸಿ ಒಳಗೇನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಕಣವನ್ನು ಆಮ್ಲದಲ್ಲಿ ಕರಗಿಸಿ, ಯುರೇನಿಯಂ ಎಷ್ಟು, ಥೋರಿಯಂ ಎಷ್ಟು ಎಂದು ಎಣಿಸುತ್ತಾರೆ.