ಹೊನ್ನಾವರದ 13 ಶಾಲೆಗಳು: ಒಂದು ಮಾತಿನ ಆಧಾರವನ್ನು ಹುಡುಕುತ್ತಾ

ನಮ್ಮ ಜಿಲ್ಲೆಯಲ್ಲಿ ಮುಸ್ಲಿಮರ ಶಿಕ್ಷಣದ ಕುರಿತು ಎಲ್ಲಿ ಸಭೆ ನಡೆದರೂ ಒಂದು ಮಾತು ಬಂದೇ ಬರುತ್ತದೆ: "ಏಳು ಶತಮಾನಗಳ ಹಿಂದೆಯೇ ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳಿದ್ದವು." ಸಭಿಕರು ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದ್ದೇನೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಭಾಷಣ ಕೇಳಿ ಬಂದು, ಆ ಮಾತನ್ನು ನನ್ನ ಲೇಖನವೊಂದರಲ್ಲಿ ಸೇರಿಸಿಯೂ ಬಿಟ್ಟೆ. ಭಾಷಣಕಾರರು ಭಟ್ಕಳ ಎಂದಿದ್ದರು, ನಾನೂ ಭಟ್ಕಳ ಎಂದೇ ಬರೆದೆ.

ಆ ಲೇಖನವನ್ನು ಓದಿದ ನಮ್ಮ ಊರಿನ ಪದವಿ ವಿದ್ಯಾರ್ಥಿನಿಯೊಬ್ಬಳು ಅದನ್ನು ತನ್ನ ಪ್ರಬಂಧದಲ್ಲಿ ಬಳಸಿಕೊಂಡಳು. ಪ್ರಬಂಧ ಮಂಡನೆಯ ದಿನ ತೀರ್ಪುಗಾರರು, "ಇದಕ್ಕೆ ಆಧಾರವೇನಮ್ಮಾ?" ಎಂದು ಕೇಳಿದರು. ಹುಡುಗಿ ನನ್ನ ಲೇಖನದ ಹೆಸರು ಹೇಳಿದಳು. "ಆ ಲೇಖಕರಿಗೆ ಆಧಾರ ಯಾವುದು?" ಎಂದು ಮರುಪ್ರಶ್ನೆ ಬಂತು. ಅವಳಲ್ಲಿ ಉತ್ತರವಿರಲಿಲ್ಲ. ಸಂಜೆ ಮನೆಗೆ ಬಂದು, "ಸರ್, ನೀವು ಎಲ್ಲಿಂದ ತೆಗೆದುಕೊಂಡಿರಿ?" ಎಂದು ಕೇಳಿದಾಗ ನನ್ನಲ್ಲಿಯೂ ಉತ್ತರವಿರಲಿಲ್ಲ. ಆ ದಿನದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಹುಡುಕುತ್ತಾ ಹೋದಾಗ ಮೂಲ ಸಿಕ್ಕಿತು. ಮೊರಾಕ್ಕೋದ ಟ್ಯಾಂಜಿಯರಿನಲ್ಲಿ ಹುಟ್ಟಿದ ಇಬ್ನ್ ಬತೂತ, ಸುಲ್ತಾನ್ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೋಗಲೆಂದು 1342ರಲ್ಲಿ ದಿಲ್ಲಿಯಿಂದ ಹೊರಟು ನಮ್ಮ ಕರಾವಳಿಗೆ ಬಂದರು. ಅವರು ವರ್ಣಿಸಿದ ಊರಿನ ಹೆಸರು 'ಹಿನವರ್'. ಅದು ನಮ್ಮ ಹೊನ್ನಾವರ, ಭಟ್ಕಳವಲ್ಲ. ಸಿದ್ದಾಪುರದಿಂದ ಮಾವಿನಗುಂಡಿ, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಇಳಿದರೆ ಸಿಗುವ ಊರು. ಅಲ್ಲಿನ ಜನ ಶಾಫಿ ಪಂಥದವರು, ಸಮುದ್ರ ವ್ಯಾಪಾರವೇ ಅವರ ಜೀವನಾಧಾರ, ಸುಲ್ತಾನನ ಹೆಸರು ಜಮಾಲುದ್ದೀನ್, ಅವನು 'ಹರ್ಯಬ್' ಎಂಬ ಹಿಂದೂ ದೊರೆಗೆ ಅಧೀನ ಎಂದೆಲ್ಲ ಬರೆದಿದ್ದಾರೆ. ಈ ಹರ್ಯಬನನ್ನು ವಿಜಯನಗರದ ಒಂದನೆಯ ಹರಿಹರನೆಂದು ಗುರುತಿಸುವುದು ವಾಡಿಕೆ. ಸುಲ್ತಾನನ ಮನೆಯ ಊಟದ ಬಗ್ಗೆ ಇರುವ ವಿವರವನ್ನಂತೂ ನಮ್ಮವರು ತಪ್ಪದೆ ಓದಬೇಕು. ಅನ್ನ, ಅದರ ಮೇಲೆ ಬಗೆಬಗೆಯ ಪದಾರ್ಥ, ಜೊತೆಗೆ ಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ! ಮುಂದೊಮ್ಮೆ 11 ತಿಂಗಳು ಈ ಸುಲ್ತಾನನೊಡನೆ ಇದ್ದಾಗ ರೊಟ್ಟಿಯ ಮುಖವನ್ನೇ ಕಾಣಲಿಲ್ಲವೆಂದು ಆ ಅತಿಥಿ ಹೇಳಿಕೊಂಡಿದ್ದಾರೆ.

ಇನ್ನು ಶಾಲೆಗಳ ವಿಷಯ. ಹಿನವರಿನ ಮಹಿಳೆಯರು ಕುರ್‌ಆನನ್ನು ಕಂಠಪಾಠ ಮಾಡಿದವರು, ಹೆಣ್ಣುಮಕ್ಕಳಿಗೆ ಕಲಿಸುವ 13 ಮತ್ತು ಗಂಡುಮಕ್ಕಳಿಗೆ ಕಲಿಸುವ 23 ಶಾಲೆಗಳನ್ನು ಅಲ್ಲಿ ಕಂಡೆ, ಬೇರೆಲ್ಲೂ ಇಂಥದನ್ನು ಕಾಣಲಿಲ್ಲ ಎಂಬುದು ಮೂಲದ ಸಾರಾಂಶ. ಇಲ್ಲಿ ಮೂರು ಸಂಗತಿಗಳಿವೆ. ಅವರು ಬಳಸಿದ ಪದ 'ಮಕ್ತಬ್'. ಮಕ್ಕಳು ಓದು ಬರಹ ಆರಂಭಿಸುವ ಶಾಲೆ ಅದು. ನಮ್ಮ ಭಾಷಣಗಳಲ್ಲಿ ಅದು ಮದ್ರಸವಾಗಿ, ಕಾಲೇಜಾಗಿ, ಒಮ್ಮೆ ವಿಶ್ವವಿದ್ಯಾಲಯವೂ ಆದದ್ದನ್ನು ಕೇಳಿದ್ದೇನೆ. ಎರಡನೆಯದು, "ಕಂಡೆ" ಎಂದಿದ್ದಾರೆಯೇ ಹೊರತು "ಇವೆಯಂತೆ" ಎಂದಿಲ್ಲ. ಮಾತಿಗೆ ಇದರಿಂದ ತೂಕ ಬರುತ್ತದೆ. ಮೂರನೆಯದನ್ನು ನಾವು ಯಾವಾಗಲೂ ನುಂಗಿಬಿಡುತ್ತೇವೆ: ಬೇರೆಲ್ಲೂ ಕಾಣಲಿಲ್ಲ ಎಂಬುದು. "ಅಂದಿನ ಕಾಲದಲ್ಲಿ ಎಲ್ಲೆಡೆ ನಮ್ಮ ಹೆಣ್ಣುಮಕ್ಕಳು ಓದುತ್ತಿದ್ದರು" ಎಂದು ಸಾಧಿಸಲು ನಾವು ಬಳಸುವ ವಾಕ್ಯವೇ, ಬೇರೆಡೆ ಅದು ಅಪರೂಪವಾಗಿತ್ತೆಂದು ಸಾರುತ್ತಿದೆ. ಹೊನ್ನಾವರದ ಹೆಮ್ಮೆ ಇದರಿಂದ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಆದರೆ ಆ ಹೆಮ್ಮೆ ಹೊನ್ನಾವರದ್ದೇ ಆಗಿರಬೇಕು.

ಮೂಲ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ಆ ಗ್ರಂಥ ಬರೆದದ್ದು ಯಾವಾಗ? ಪ್ರವಾಸ ಮುಗಿಸಿ ಊರಿಗೆ ಮರಳಿದ ಮೇಲೆ, ಸುಲ್ತಾನ್ ಅಬೂ ಇನಾನನ ಆಜ್ಞೆಯಂತೆ, ಫೆಜ್ ನಗರದಲ್ಲಿ ಇಬ್ನ್ ಬತೂತ ಹೇಳುತ್ತಾ ಹೋದರು, ಇಬ್ನ್ ಜುಝಯ್ಯ್ ಎಂಬ ವಿದ್ವಾಂಸರು ಬರೆದುಕೊಂಡರು. ಅದು ಮುಗಿದದ್ದು 1355ರಲ್ಲಿ, ಅಂದರೆ ಹೊನ್ನಾವರ ಕಂಡ 13 ವರ್ಷಗಳ ನಂತರ. ಬುಖಾರಾದಲ್ಲಿ ಗೋರಿಕಲ್ಲುಗಳಿಂದ ಬರೆದುಕೊಂಡಿದ್ದ ಟಿಪ್ಪಣಿಗಳು ಹಿಂದೂಸ್ತಾನದ ಸಮುದ್ರದಲ್ಲಿ ಕಳ್ಳರ ಪಾಲಾದವೆಂದು ಅವರೇ ಹೇಳಿದ್ದಾರೆ. ಆದ್ದರಿಂದ ಬಹುಭಾಗ ನೆನಪಿನ ಮಾತು. ಇದಕ್ಕಿಂತ ಇರಿಸುಮುರಿಸಾಗುವ ವಿಷಯವೊಂದಿದೆ. ದಮಾಸ್ಕಸ್, ಮಕ್ಕಾ ಮುಂತಾದ ಕಡೆಯ ವರ್ಣನೆಗಳಲ್ಲಿ ಅನೇಕ ಭಾಗಗಳು, 1217ರಲ್ಲಿ ತೀರಿಕೊಂಡ ಆಂಡಲೂಸಿನ ಯಾತ್ರಿಕ ಇಬ್ನ್ ಜುಬೈರರ ಗ್ರಂಥದಿಂದ ಎತ್ತಿಕೊಂಡವು. ಬಹಳಷ್ಟು ಕಡೆ ಅವರ ಹೆಸರನ್ನೇ ಹೇಳಿಲ್ಲ. ಆಧಾರಕ್ಕೆಂದು ನಾವು ಹಿಡಿದುಕೊಂಡ ಗ್ರಂಥದಲ್ಲೇ ಆಧಾರ ಹೇಳದ ನಕಲಿದೆ! ಹೊನ್ನಾವರದ ಭಾಗ ಹಾಗಲ್ಲ, ಇಬ್ನ್ ಜುಬೈರ್ ಭಾರತಕ್ಕೆ ಬಂದವರೇ ಅಲ್ಲ. ಈ ವ್ಯತ್ಯಾಸ ತಿಳಿಯಬೇಕಾದರೂ ಯಾರ ಮಾತು ಯಾರದ್ದೆಂದು ಬಿಡಿಸಿ ನೋಡುವ ಅಭ್ಯಾಸ ಬೇಕು.

ನಿಜ ಹೇಳಬೇಕೆಂದರೆ ಈ ಅಭ್ಯಾಸ ನಮಗೆ ಹೊಸದಾಗಬಾರದಿತ್ತು. ಸಹೀಹ್ ಬುಖಾರಿಯ ಮೊದಲ ಹದೀಸನ್ನೇ ತೆಗೆದುಕೊಳ್ಳಿ. ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ ಎಂಬ ಆ ಹದೀಸು ಎಲ್ಲರಿಗೂ ಗೊತ್ತು. ಆದರೆ ಪ್ರವಾದಿಯವರ (ಸ) ವಚನ ಬರುವ ಮೊದಲು ಗ್ರಂಥದಲ್ಲಿ ಹೆಸರುಗಳ ಸಾಲಿದೆ. ಇಮಾಮ್ ಬುಖಾರಿಯವರಿಗೆ (ರ) ಹೇಳಿದವರು ಹುಮೈದಿ, ಅವರಿಗೆ ಸುಫ್ಯಾನ್, ಅವರಿಗೆ ಯಹ್ಯಾ ಬಿನ್ ಸಈದ್, ಅವರಿಗೆ ಮುಹಮ್ಮದ್ ಬಿನ್ ಇಬ್ರಾಹೀಮ್, ಅವರಿಗೆ ಅಲ್ಕಮಾ, ಅವರಿಗೆ ಹಝ್ರತ್ ಉಮರ್ (ರ). ಇದೇ ಸನದ್. ಈ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾದರೆ ವಿದ್ವಾಂಸರು ಹದೀಸಿನ ದರ್ಜೆಯನ್ನೇ ಇಳಿಸುತ್ತಿದ್ದರು. ಕೊಂಡಿಯಲ್ಲಿರುವ ಒಬ್ಬೊಬ್ಬರ ನೆನಪಿನ ಶಕ್ತಿ, ಪ್ರಾಮಾಣಿಕತೆ, ಯಾರು ಯಾರನ್ನು ಭೇಟಿಯಾಗಿದ್ದರು ಎಂಬುದನ್ನು ತೂಗಿ ನೋಡಲೆಂದೇ ಒಂದು ಶಾಸ್ತ್ರ ಬೆಳೆಯಿತು. ಇಮಾಮ್ ಬುಖಾರಿ ತೀರಿಕೊಂಡದ್ದು 870ರಲ್ಲಿ. ಸಾವಿರ ವರ್ಷಗಳಿಗೂ ಹಿಂದೆ ಇಷ್ಟು ಎಚ್ಚರ ವಹಿಸಿದವರ ಗ್ರಂಥವನ್ನು ಗೌರವಿಸುವ ನಾವು, "ಇತಿಹಾಸಕಾರರು ಹೇಳುತ್ತಾರೆ" ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಯಾವ ಇತಿಹಾಸಕಾರ?

ನಮ್ಮ ನೆಲದಲ್ಲೂ ಉದಾಹರಣೆಗಳಿಗೆ ಬರವಿಲ್ಲ. ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಮ್ ಆದಿಲ್‌ಶಾಹನ ಆಸ್ಥಾನದಲ್ಲಿ ಕುಳಿತು ಇತಿಹಾಸ ಬರೆದ ಫೆರಿಸ್ತಾ, ತಾನು ನೋಡಿದ ಗ್ರಂಥಗಳ ಪಟ್ಟಿಯನ್ನು ಮೊದಲಿಗೇ ಕೊಟ್ಟಿದ್ದಾನೆ. ಶಿರಸಿ ತಾಲೂಕಿನ ಬನವಾಸಿಯ ಕದಂಬರ ಕಥೆಯನ್ನು ನೋಡಿ. ಮಯೂರಶರ್ಮ ವಿದ್ಯೆ ಕಲಿಯಲು ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದನ್ನು ಹೇಳುವುದು ತಾಳಗುಂದದ ಕಂಬದ ಶಾಸನ, ಕವಿ ಕುಬ್ಜ. ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟ, ಶಿಕಾರಿಪುರ 176 ಎಂದು ಬರೆದರೆ ಸಾಕು, ಯಾವ ದೇಶದ ಓದುಗನಾದರೂ ಆ ಕಂಬದ ಪಾಠವನ್ನು ತೆಗೆದು ನೋಡಬಹುದು. ಚಲನಚಿತ್ರದಲ್ಲಿ ಕಂಡ ಮಯೂರನಿಗೂ ಕಂಬದ ಮಯೂರನಿಗೂ ಎಷ್ಟು ದೂರ ಎಂಬುದು ಆಗ ತಿಳಿಯುತ್ತದೆ. 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್, ಕಣ್ಣಾರೆ ಕಂಡದ್ದನ್ನೂ ಊರವರು ಹೇಳಿದ್ದನ್ನೂ ಬೇರೆ ಬೇರೆಯಾಗಿಯೇ ದಾಖಲಿಸುತ್ತಾನೆ. ಅವನ ಗ್ರಂಥ 1807ರಲ್ಲಿ ಅಚ್ಚಾಯಿತು. 1883ರ ಕೆನರಾ ಗೆಜೆಟಿಯರ್ ಅದನ್ನು ಬಳಸಿಕೊಂಡಾಗ ಅಡಿಟಿಪ್ಪಣಿಯಲ್ಲಿ ಹೇಳಿತು. ಗೆಜೆಟಿಯರಿನಿಂದ ಎತ್ತಿಕೊಂಡ ನಮ್ಮ ಊರಿನ ಸ್ಮರಣ ಸಂಚಿಕೆಗಳು ಮಾತ್ರ ಅಡಿಟಿಪ್ಪಣಿಯನ್ನು ಅಲ್ಲಿಯೇ ಬಿಟ್ಟುಬಂದವು. ಹಾಗಾಗಿ 1801ರಲ್ಲಿ "ಜನ ಹೇಳುತ್ತಾರೆ" ಎಂದಿದ್ದದ್ದು ಈಗ "ಇತ್ತು" ಎಂದಾಗಿದೆ.

ವಿದ್ಯಾರ್ಥಿ ಮಿತ್ರರು ಕೇಳಬಹುದು: ಅರಬಿ ಬಾರದವರು ಇಬ್ನ್ ಬತೂತರನ್ನು ಹೇಗೆ ಉಲ್ಲೇಖಿಸಬೇಕು? ಅನುವಾದವನ್ನು ನೋಡಿದ್ದರೆ ಅನುವಾದವನ್ನೇ ಹೇಳಬೇಕು, ಅದರಲ್ಲಿ ಅವಮಾನವಿಲ್ಲ. ಭಾರತದ ಭಾಗಗಳಿಗೆ ಮೆಹದಿ ಹುಸೇನರ ಅನುವಾದ 1953ರಲ್ಲಿ ಬರೋಡಾದಿಂದ ಪ್ರಕಟವಾಗಿದೆ. ಗಿಬ್ ಆರಂಭಿಸಿದ ಪೂರ್ಣ ಇಂಗ್ಲಿಷ್ ಅನುವಾದದ 4ನೆಯ ಸಂಪುಟ, ಗಿಬ್ ತೀರಿಕೊಂಡ ಬಳಿಕ ಬೆಕಿಂಗ್‌ಹ್ಯಾಮ್ ಅವರಿಂದ ಪೂರ್ಣಗೊಂಡು 1994ರಲ್ಲಿ ಬಂತು. ಹಿನವರ್ ಇರುವುದು ಅದರಲ್ಲಿ. ಮುದ್ರಣದಿಂದ ಮುದ್ರಣಕ್ಕೆ ಪುಟ ಬದಲಾಗುವುದರಿಂದ, ಯಾವ ಅನುವಾದ, ಯಾವ ವರ್ಷದ್ದು, ಯಾವ ಪುಟ ಎಂಬ ಮೂರನ್ನೂ ಕೊಡಬೇಕು. ಪುಸ್ತಕ ನೋಡದೆ ಬೇರೆಯವರ ಲೇಖನದಲ್ಲಿ ಓದಿದ್ದರೆ, "ಇಂಥವರು ಉಲ್ಲೇಖಿಸಿದಂತೆ" ಎಂದು ಆ ಲೇಖನವನ್ನೇ ಹೆಸರಿಸಬೇಕು. ನೋಡದ ಪುಸ್ತಕವನ್ನು ನೋಡಿದಂತೆ ತೋರಿಸುವುದು, ಭೇಟಿಯಾಗದವರಿಂದ ಹದೀಸು ಕೇಳಿದೆ ಎಂದಂತೆ. ಅಂಥವರಿಗೆ ಹದೀಸ್ ಶಾಸ್ತ್ರದಲ್ಲಿ ಒಳ್ಳೆಯ ಹೆಸರಿಲ್ಲ.

ಆ ವಿದ್ಯಾರ್ಥಿನಿ ತನ್ನ ಪ್ರಬಂಧವನ್ನು ತಿದ್ದಿ ಬರೆದಳು. "ಕರಾವಳಿಯಲ್ಲೆಲ್ಲ" ಎಂಬುದನ್ನು ಹೊಡೆದು "ಹೊನ್ನಾವರದಲ್ಲಿ" ಎಂದಳು, "ಮದ್ರಸ" ಹೋಗಿ "ಮಕ್ತಬ್" ಬಂತು, ಬೇರೆಲ್ಲೂ ಕಾಣಲಿಲ್ಲವೆಂಬ ಮಾತನ್ನೂ ಸೇರಿಸಿದಳು. ಕೆಳಗೆ ಅನುವಾದಕರ ಹೆಸರು, ವರ್ಷ, ಪುಟ. ನನ್ನ ಪಾಲಿಗೆ ಉಳಿದಿರುವುದು ಇಷ್ಟು: ನನ್ನ ಆ ಹಳೆಯ ಲೇಖನ ಯಾರ ಬಳಿಯಾದರೂ ಇದ್ದರೆ, ಅದರಲ್ಲಿ ಭಟ್ಕಳ ಎಂದಿರುವಲ್ಲಿ ದಯವಿಟ್ಟು ಹೊನ್ನಾವರ ಎಂದು ತಿದ್ದಿಕೊಳ್ಳಿ.