ರೊನಾಲ್ಡ್ ರೇಗನ್: ಮುಷ್ಕರ ಮಾಡಿಸಿದವರೇ ಮುಷ್ಕರ ಮುರಿದಾಗ

ಅಮೆರಿಕದ ಬಲಪಂಥದ ಬಗ್ಗೆ ಯಾವ ಚರ್ಚೆ ಶುರುವಾದರೂ ರೊನಾಲ್ಡ್ ರೇಗನ್ ಹೆಸರು ಬಂದೇ ಬರುತ್ತೆ. 1981ರಿಂದ 1989ರವರೆಗೆ ಅಧ್ಯಕ್ಷರಾಗಿದ್ದ ಇವರು ಮೊದಲು ರೇಡಿಯೊದ ಕ್ರೀಡಾ ವೀಕ್ಷಕ ವಿವರಣೆಗಾರ, ಆಮೇಲೆ ಹಾಲಿವುಡ್ ನಟ. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಅಂದರೆ, ರೇಗನ್ ಕಾರ್ಮಿಕ ನಾಯಕರೂ ಹೌದು. ನಟರ ಸಂಘಟನೆ ‘ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್’ನ ಅಧ್ಯಕ್ಷರಾಗಿ 1960ರಲ್ಲಿ ಸ್ಟುಡಿಯೊಗಳ ವಿರುದ್ಧ ಮುಷ್ಕರ ಮಾಡಿಸಿದ್ದರು. ನಟರಿಗೆ ಪಿಂಚಣಿ, ಆರೋಗ್ಯ ನಿಧಿ ಸಿಕ್ಕಿದ್ದು ಆ ಹೋರಾಟದಿಂದಲೇ.

1962ರವರೆಗೆ ಡೆಮಾಕ್ರಟ್ ಆಗಿದ್ದವರು ರಿಪಬ್ಲಿಕನ್ ಆದರು. 1967ರಿಂದ ಎಂಟು ವರ್ಷ ಕ್ಯಾಲಿಫೋರ್ನಿಯಾ ಗವರ್ನರ್. 1980ರಲ್ಲಿ ಜಿಮ್ಮಿ ಕಾರ್ಟರ್ ಅವರನ್ನು ಸೋಲಿಸಿ ಶ್ವೇತಭವನಕ್ಕೆ ಬಂದರು.

ಆ ಚುನಾವಣೆಯಲ್ಲಿ ರೇಗನ್ ಅವರನ್ನು ಬೆಂಬಲಿಸಿದ ಕೆಲವೇ ಕಾರ್ಮಿಕ ಸಂಘಟನೆಗಳಲ್ಲಿ ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ‘ಪ್ಯಾಟ್ಕೊ’ ಕೂಡ ಒಂದು. 1981ರ ಆಗಸ್ಟ್ 3ರಂದು, ಹೆಚ್ಚು ಸಂಬಳ, ಕಡಿಮೆ ಕೆಲಸದ ಅವಧಿ ಕೇಳಿ ಸುಮಾರು 13,000 ಮಂದಿ ಮುಷ್ಕರಕ್ಕಿಳಿದರು. ಫೆಡರಲ್ ನೌಕರರು ಮುಷ್ಕರ ಮಾಡುವುದು ಕಾನೂನುಬಾಹಿರ, ಅದು ನಿಜ. ರೇಗನ್ ಕೊಟ್ಟಿದ್ದು 48 ಗಂಟೆ ಗಡುವು. ವಾಪಸ್ ಬಾರದ 11,345 ಮಂದಿಯನ್ನು ಒಂದೇ ಏಟಿಗೆ ವಜಾ ಮಾಡಿದರು. ಮೇಲ್ವಿಚಾರಕರು, ಸೇನೆಯ ಕಂಟ್ರೋಲರ್‌ಗಳನ್ನು ಇಟ್ಟುಕೊಂಡು ವಿಮಾನ ಹಾರಿಸಿದರು. ಅಕ್ಟೋಬರ್ ಹೊತ್ತಿಗೆ ಸಂಘಟನೆಯ ಮಾನ್ಯತೆಯೇ ಹೋಯಿತು.

ಇದರ ಪರಿಣಾಮ ವಿಮಾನ ನಿಲ್ದಾಣಕ್ಕೆ ನಿಲ್ಲಲಿಲ್ಲ. ಮುಷ್ಕರನಿರತರ ಜಾಗಕ್ಕೆ ಕಾಯಂ ಆಗಿ ಬೇರೆಯವರನ್ನು ನೇಮಿಸಿಕೊಳ್ಳುವ ಅವಕಾಶ ಖಾಸಗಿ ಕಂಪನಿಗಳಿಗೆ 1938ರಿಂದಲೇ ಇತ್ತು, ಆದರೆ ಬಳಸಲು ಹಿಂಜರಿಯುತ್ತಿದ್ದವು. ಅಧ್ಯಕ್ಷರೇ ಹಾಗೆ ಮಾಡಿದ ಮೇಲೆ ಹಿಂಜರಿಕೆ ಯಾಕೆ? 1983ರಲ್ಲಿ ಅರಿಜೋನಾದ ತಾಮ್ರದ ಗಣಿ ಕಂಪನಿ ಫೆಲ್ಪ್ಸ್ ಡಾಡ್ಜ್ ಅದನ್ನೇ ಮಾಡಿತು. ದೊಡ್ಡ ಮುಷ್ಕರಗಳ ಸಂಖ್ಯೆ ಆ ದಶಕದಲ್ಲಿ ಕುಸಿಯುತ್ತಲೇ ಹೋಯಿತು. ತಮಾಷೆ ನೋಡಿ, ಅದೇ 1981ರ ಡಿಸೆಂಬರ್‌ನಲ್ಲಿ ಪೋಲೆಂಡ್ ಸರ್ಕಾರ ‘ಸಾಲಿಡಾರಿಟಿ’ ಕಾರ್ಮಿಕ ಸಂಘಟನೆಯನ್ನು ಹತ್ತಿಕ್ಕಿದಾಗ, ಕಾರ್ಮಿಕರ ಪರ ಮಾತಾಡಿ ನಿರ್ಬಂಧ ಹೇರಿದವರೂ ಇವರೇ!

ಆರ್ಥಿಕ ನೀತಿಯಲ್ಲೂ ಇಂಥದ್ದೇ ಎರಡು ಮುಖ. ಶ್ರೀಮಂತರ ಗರಿಷ್ಠ ಆದಾಯ ತೆರಿಗೆ ದರ ಶೇ 70ರಿಂದ ಕೊನೆಗೆ ಶೇ 28ಕ್ಕೆ ಇಳಿಯಿತು. ‘ಸಣ್ಣ ಸರ್ಕಾರ’ ಅಂದರು, ಆದರೆ ರಕ್ಷಣಾ ವೆಚ್ಚ ಏರಿಸಿದರು. ರಾಷ್ಟ್ರೀಯ ಸಾಲ ಹತ್ತಿರ ಹತ್ತಿರ ಮೂರು ಪಟ್ಟಾಯಿತು. ಹಣದುಬ್ಬರ ಇಳಿದಿದ್ದು ನಿಜವೇ, ಆದರೆ ಅದರ ದೊಡ್ಡ ಪಾಲು ಕಾರ್ಟರ್ ನೇಮಿಸಿದ್ದ ಫೆಡರಲ್ ರಿಸರ್ವ್ ಮುಖ್ಯಸ್ಥ ಪಾಲ್ ವೋಲ್ಕರ್ ಅವರಿಗೆ ಸಲ್ಲಬೇಕು. ಬಡ್ಡಿದರ ಏರಿಸಿದ್ದಕ್ಕೆ 1982ರ ಕೊನೆಗೆ ನಿರುದ್ಯೋಗ ಶೇ 10 ದಾಟಿತ್ತು.

ಇನ್ನು ಇವತ್ತಿನ ರಿಪಬ್ಲಿಕನ್ನರು ಮರೆಯಲು ಇಷ್ಟಪಡುವ ರೇಗನ್: 1986ರಲ್ಲಿ ಸಹಿ ಹಾಕಿದ ಕಾನೂನಿನಿಂದ ದಾಖಲೆಯಿಲ್ಲದ ಸುಮಾರು 27 ಲಕ್ಷ ವಲಸಿಗರು ಕಾನೂನುಬದ್ಧರಾದರು. 1987ರಲ್ಲಿ ಗೋರ್ಬಚೇವ್ ಜೊತೆ ಅಣ್ವಸ್ತ್ರ ಕ್ಷಿಪಣಿ ಒಪ್ಪಂದಕ್ಕೂ ಸಹಿ ಹಾಕಿದರು.

ವಜಾ ಆದವರಿಗೆ ಹಳೇ ಕೆಲಸಕ್ಕೆ ಮತ್ತೆ ಅರ್ಜಿ ಹಾಕುವ ಅವಕಾಶ ಸಿಕ್ಕಿದ್ದು 1993ರಲ್ಲಿ, ಕ್ಲಿಂಟನ್ ಬಂದ ಮೇಲೆ. ಐದು ವರ್ಷದ ನಂತರ ಅಮೆರಿಕದ ಸಂಸತ್ತು ವಾಷಿಂಗ್ಟನ್‌ನ ನ್ಯಾಷನಲ್ ಏರ್‌ಪೋರ್ಟ್‌ಗೆ ರೇಗನ್ ಹೆಸರಿಟ್ಟಿತು.