ಒತ್ತಾರೆ ಎಂಬ ಮಾತು

1996ನೆಯ ಇಸವಿ. ನಾನು ಬಿ.ಎಡ್. ಮುಗಿಸಿ ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಗೆ ಕನ್ನಡ ಕಲಿಸಲು ಸೇರಿ ಎರಡು ವರ್ಷವಾಗಿತ್ತು. ಎಂಟನೆಯ ತರಗತಿಗೆ ‘ನನ್ನ ಒಂದು ದಿನ’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ‘ನಾನು ಒತ್ತಾರೆ ಎದ್ದು ಕೊಟ್ಟಿಗೆ ಗುಡಿಸಿ ಆಲು ಕರೆಯುತ್ತೇನೆ’ ಎಂದು ಶುರು ಮಾಡಿದ್ದಳು. ನಾನು ಕೆಂಪು ಶಾಯಿಯಲ್ಲಿ ‘ಒತ್ತಾರೆ’ಯನ್ನು ಹೊಡೆದು ‘ಬೆಳಿಗ್ಗೆ’ ಎಂದು ಬರೆದೆ. ‘ಆಲು’ ಹೋಗಿ ‘ಹಾಲು’ ಆಯಿತು. ಅಂಚಿನಲ್ಲಿ ‘ಗ್ರಾಮ್ಯ’ ಎಂದು ಷರಾ ಹಾಕಿದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಉಳಿದವರಿಗೂ ಪಾಠವಾಗಲಿ ಎಂದು ಆ ವಾಕ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮಕ್ಕಳು ನಕ್ಕರು. ನಾನೂ ನಕ್ಕೆನೇನೋ, ಈಗ ನೆನಪಿಲ್ಲ.

ಆ ಹುಡುಗಿ ಆಮೇಲೆ ತರಗತಿಯಲ್ಲಿ ಕೈ ಎತ್ತಲಿಲ್ಲ. ಹತ್ತನೆಯ ತರಗತಿಗೆ ಬರುವ ಮೊದಲೇ ಶಾಲೆ ಬಿಟ್ಟಳು. ಮನೆಯಲ್ಲಿ ಬಡತನವಿತ್ತು, ಚಿಕ್ಕ ತಮ್ಮಂದಿರಿದ್ದರು. ಕಾರಣ ನಾನೊಬ್ಬಳೇ ಅಲ್ಲ. ಆದರೆ ಆ ಕಾರಣಗಳಲ್ಲಿ ನನ್ನದೂ ಒಂದು ಪಾಲು ಇತ್ತು ಎಂದು ತಿಳಿಯಲು ನನಗೆ ಎಂಟು ವರ್ಷ ಬೇಕಾಯಿತು. ತಿಳಿಸಿದವರು ಕನ್ನಡದವರಲ್ಲ, ನೂರು ವರ್ಷದ ಹಿಂದಿನ ಒಬ್ಬ ಜರ್ಮನ್ ಪಾದ್ರಿ.

2004ರಲ್ಲಿ ಒಂದು ತರಬೇತಿಗೆಂದು ಮೈಸೂರಿಗೆ ಹೋಗಿದ್ದಾಗ ಗ್ರಂಥಾಲಯದಲ್ಲಿ ಕಿಟೆಲ್ ನಿಘಂಟು ಕಣ್ಣಿಗೆ ಬಿತ್ತು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, 1968ರಿಂದ 1971ರ ನಡುವೆ ಮದರಾಸು ವಿಶ್ವವಿದ್ಯಾನಿಲಯ ಪ್ರಕಟಿಸಿದ ನಾಲ್ಕು ಸಂಪುಟಗಳು. ಬೇರೆ ಯಾವುದೋ ಪದ ಹುಡುಕುತ್ತ ಹಾಳೆ ಮಗುಚುತ್ತಿದ್ದೆ. ‘ಹೊತ್ತಾರೆ’ ಎದುರಾಯಿತು. ಸೂರ್ಯ ಹುಟ್ಟುವ ಹೊತ್ತು ಎಂದು ಅರ್ಥ. ಹಳೆಯ ರೂಪ ‘ಪ’ಕಾರದ್ದು. ನಾನು ಕೆಂಪು ಶಾಯಿಯಲ್ಲಿ ಹೊಡೆದ ಮಾತು ಅಲ್ಲಿ ಮರ್ಯಾದೆಯಿಂದ ಕೂತಿತ್ತು.

ಹಳಗನ್ನಡ ಓದಿದ ನನಗೆ ಇದು ಹೊಳೆಯಬೇಕಿತ್ತು. ಪಂಪನ ಕಾಲಕ್ಕೆ ‘ಪಾಲ್’ ಇದ್ದದ್ದು ಮುಂದೆ ‘ಹಾಲು’ ಆಯಿತು. ‘ಪೂ’ ಹೂವಾಯಿತು, ‘ಪೊತ್ತು’ ಹೊತ್ತಾಯಿತು. ಹತ್ತನೆಯ ಶತಮಾನದಿಂದ ಈಚೆಗೆ ನಮ್ಮ ಶಾಸನಗಳಲ್ಲಿ ಈ ಬದಲಾವಣೆ ಕಾಣುತ್ತ ಬರುತ್ತದೆ. ‘ಪ’ ಸವೆದು ‘ಹ’ ಆಗಿದ್ದನ್ನು ವ್ಯಾಕರಣ ಎಂದು ಪಾಠ ಮಾಡಿದೆ. ‘ಹ’ ಸವೆದು ‘ಅ’ ಆಗಿದ್ದನ್ನು ತಪ್ಪು ಎಂದು ಹೊಡೆದೆ. ಪರೀಕ್ಷೆಗೆ ಗ್ರಂಥರೂಪ ಕಲಿಸಬೇಕು ನಿಜ. ಆದರೆ ‘ನಿನ್ನ ಮಾತೂ ಸರಿ, ಬರೆಯುವಾಗ ಹೀಗೆ ಬರೆಯೋಣ’ ಎನ್ನಲು ನನಗೇನು ಕಷ್ಟವಿತ್ತು?

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಒಬ್ಬ ಪಾದ್ರಿಯ ಮಗನಾಗಿ. ಬಾಸೆಲ್ ಮಿಷನ್ನಿನವರು ಅವರನ್ನು 1853ರಲ್ಲಿ ಕನ್ನಡ ನಾಡಿಗೆ ಕಳಿಸಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಬಂದದ್ದು ಧರ್ಮಪ್ರಚಾರಕ್ಕೆ. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳಬೇಕಾಗಿಲ್ಲ. ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದಕ್ಕೂ ಹತ್ತು ವರ್ಷ ಮೊದಲು, 1843ರಲ್ಲಿ, ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದರು. ಕನ್ನಡದ ಮೊದಲ ಪತ್ರಿಕೆ ಅದು. ಅಂದರೆ ಕನ್ನಡ ಕಲಿಯುವುದು ಅವರಲ್ಲಿ ಹೊಸದಲ್ಲ. ಆದರೆ ಕಿಟೆಲ್ ಹೋದಷ್ಟು ದೂರ ಹೋದವರು ಕಡಿಮೆ. ಮಿಷನ್ನಿನ ಕೆಲಸಕ್ಕಿಂತ ಭಾಷೆಯ ಕೆಲಸಕ್ಕೇ ಹೆಚ್ಚು ಹೊತ್ತು ಕೊಡುತ್ತಾರೆಂದು ಅವರವರಲ್ಲೇ ಅಸಮಾಧಾನವೂ ಇತ್ತು.

ಅವರ ಕೆಲಸದ ಜಾಡನ್ನು ನೋಡಿ. 1862ರಲ್ಲಿ ಏಸುವಿನ ಕತೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಬರೆದರು. ತಮ್ಮ ಊರಿನ ಧಾಟಿಯಲ್ಲಲ್ಲ, ನಮ್ಮ ಛಂದಸ್ಸಿನಲ್ಲಿ. ನಮ್ಮ ಜನಕ್ಕೆ ಕತೆ ಕಿವಿಯಿಂದ ಒಳಗೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಾಗಿತ್ತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು, ಕನ್ನಡ ಪಂಡಿತರ ನೆರವಿನಿಂದ ಪದ ಕೂಡಿಸಿದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಈ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಟಗಳ ಸಂಖ್ಯೆಯಲ್ಲ. ಕಾವ್ಯದ ಪದದ ಪಕ್ಕದಲ್ಲೇ ಅಡಿಗೆಮನೆಯ ಪದ, ಹೊಲದ ಪದ. ಪದದ ಬೆನ್ನಿಗೆ ಗಾದೆಗಳು. ಇದು ಮೈಸೂರಿನ ಕಡೆಯ ಮಾತು, ಇದು ಧಾರವಾಡದ ಕಡೆಯ ಮಾತು ಎಂದು ಸಂಕ್ಷೇಪದ ಅಕ್ಷರಗಳಲ್ಲಿ ಗುರುತು ಹಾಕಿದ್ದಾರೆ. ಮೇಲು ಯಾವುದು, ಕೀಳು ಯಾವುದು ಎಂಬ ಗುರುತಲ್ಲ ಅದು, ಎಲ್ಲಿಯದು ಎಂಬ ಗುರುತು. ನನ್ನ ‘ಗ್ರಾಮ್ಯ’ ಎಂಬ ಷರಾಕ್ಕೂ ಇದಕ್ಕೂ ಇರುವ ಅಂತರ ನೀವೇ ಅಳೆಯಬಹುದು. ಹೊರಗಿನಿಂದ ಬಂದವನಿಗೆ ತನಗೆ ಗೊತ್ತಿಲ್ಲ ಎಂಬುದು ಗೊತ್ತಿತ್ತು, ಅದಕ್ಕೇ ಕಿವಿಗೊಟ್ಟ. ಇಲ್ಲೇ ಹುಟ್ಟಿದ ನಾನು ಎಲ್ಲ ಗೊತ್ತೆಂದುಕೊಂಡಿದ್ದೆ.

ಈಗಿನ ಕಾಲಕ್ಕೆ ಇದೆಲ್ಲ ಯಾಕೆ ಎಂದು ನನ್ನ ಮಗನೇ ಕೇಳುತ್ತಾನೆ. ಫೋನಿಗೆ ಒಂದು ಭಾಷೆಯಲ್ಲಿ ಹೇಳಿದರೆ ಇನ್ನೊಂದು ಭಾಷೆಯಲ್ಲಿ ನುಡಿಯುತ್ತದೆ. ನಿಜ, ನಾನೂ ಬಳಸುತ್ತೇನೆ. ಆದರೆ ನಮ್ಮ ಊರಿನ ಬ್ಯಾಂಕಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೊರರಾಜ್ಯದಿಂದ ಬಂದ ಇಬ್ಬರು ತರುಣರು ಅಲ್ಲಿದ್ದರು. ಒಬ್ಬರು ಕೆಲಸದಲ್ಲಿ ಬಲು ಚುರುಕು, ತಲೆ ಎತ್ತುತ್ತಿರಲಿಲ್ಲ. ಇನ್ನೊಬ್ಬರು ಹರಕು ಕನ್ನಡದಲ್ಲೇ ‘ಊಟ ಆಯ್ತಾ ಅಜ್ಜಿ?’ ಎಂದು ಕೇಳುತ್ತಿದ್ದರು. ಪಿಂಚಣಿಗೆ ಬರುವ ಮುದುಕಿಯರು ಉದ್ದನೆಯ ಸಾಲಿದ್ದರೂ ಎರಡನೆಯವರ ಮುಂದೆಯೇ ನಿಲ್ಲುತ್ತಿದ್ದರು. ಒಬ್ಬ ಅಜ್ಜಿ ತನ್ನ ಹಣವನ್ನು ಬೇರೆ ಯಾರೋ ತೆಗೆದುಕೊಳ್ಳುತ್ತಿದ್ದಾರೆ ಎಂಬ ಸಂಕಟವನ್ನು ಹೇಳಿಕೊಂಡದ್ದೂ ಅವರ ಬಳಿಯೇ. ಯಂತ್ರ ಮಾತನ್ನು ಬದಲಿಸಿ ಕೊಡುತ್ತದೆ. ಸಂಕಟ ಹೇಳಿಕೊಳ್ಳುವ ಧೈರ್ಯ ಮಾತ್ರ, ಎದುರಿನ ಮುಖ ನೋಡಿ ಬರುವುದು.

ಹೆಂಗಸರಿಗೆ ಈ ವಿದ್ಯೆಯನ್ನು ಯಾರೂ ಬೇರೆಯಾಗಿ ಕಲಿಸಬೇಕಾಗಿಲ್ಲ. ಮದುವೆಯಾಗಿ ಇನ್ನೊಂದು ಮನೆಗೆ ಹೋದವರೆಲ್ಲ ಒಂದಿಷ್ಟು ಕಿಟೆಲ್‌ಗಳೇ. ತವರಿನಲ್ಲಿ ನಾನು ಹುಳಿ ಎನ್ನುತ್ತಿದ್ದುದು ಅತ್ತೆಯ ಮನೆಯಲ್ಲಿ ಸಾರು. ಯಾರು ಯಾವಾಗ ಮೌನವಾದರೆ ಸಿಟ್ಟು, ಯಾವಾಗ ಮೌನವಾದರೆ ಬೇಸರ ಎಂಬುದಕ್ಕೆ ಯಾವ ಕೋಶವೂ ಇರಲಿಲ್ಲ. ನೋಡಿ ನೋಡಿಯೇ ಕಲಿತೆ. ಅದನ್ನು ‘ಹೊಂದಿಕೊಂಡು ಹೋಗುವುದು’ ಎಂದರೇ ಹೊರತು ಜಾಣತನ ಎಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸೋಜಿಗವೆಂದರೆ, ಮನೆಯಲ್ಲಿ ದಿನವೂ ಬಳಸುತ್ತಿದ್ದ ಆ ಜಾಣತನವನ್ನು ನಾನು ಶಾಲೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಒಬ್ಬ ತಾಯಿ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ಗುರುತು ಹಿಡಿಯಲು ತಡವಾಗಲಿಲ್ಲ. ನನ್ನೆದುರು ಅವಳು ಒಂದೊಂದೇ ಮಾತನ್ನು ಆರಿಸಿ ಆರಿಸಿ ಆಡುತ್ತಿದ್ದಳು. ‘ಬೆಳಿಗ್ಗೆ ಬಸ್ಸು ಇದೆ ಮೇಡಂ, ಹೊತ್ತಿಗೆ ಸರಿಯಾಗಿ ಕಳಿಸುತ್ತೇನೆ.’ ‘ಹ’ಕಾರವನ್ನು ಒತ್ತಿ ಒತ್ತಿ ಹೇಳಿದಳು. ಇಪ್ಪತ್ತು ವರ್ಷ ದಾಟಿದರೂ ನನ್ನ ಕೆಂಪು ಶಾಯಿ ಅವಳ ನಾಲಿಗೆಯ ಮೇಲೆ ಒಣಗಿರಲಿಲ್ಲ.

ನಾನು ಆ ಪ್ರಬಂಧದ ವಿಷಯ ಎತ್ತಿದೆ. ಆವತ್ತು ಹಾಗೆ ಓದಬಾರದಿತ್ತು, ತಪ್ಪು ನನ್ನದು, ನಿನ್ನ ಮಾತು ದೊಡ್ಡ ನಿಘಂಟಿನಲ್ಲಿದೆ ಎಂದೆ. ಅವಳು ಮುಜುಗರದಿಂದ ಸೆರಗು ಸರಿಮಾಡಿಕೊಂಡು, ‘ಅದ್ಯಾವ ಕಾಲದ ಮಾತು ಬುಡಿ ಮೇಡಮ್ಮೋರೆ’ ಎಂದಳು. ಮರೆತಿದ್ದಳೋ, ನನ್ನ ಮುಖ ಉಳಿಸಿದಳೋ ಗೊತ್ತಾಗಲಿಲ್ಲ. ಎರಡನೆಯದೇ ಇರಬೇಕು. ಅವಳಿಗೆ ಅಷ್ಟು ತಿಳಿಯುತ್ತದೆ.

ನಾನು ಮಗುವಿನ ಕಡೆ ತಿರುಗಿ ಕೇಳಿದೆ: ‘ಒತ್ತಾರೆ ಎಷ್ಟು ಗಂಟೆಗೆ ಏಳ್ತೀಯ ಮರಿ?’

ಮಗು ತಾಯಿಯ ಮುಖ ನೋಡಿತು. ತಾಯಿ ನನ್ನ ಮುಖ ನೋಡಿದಳು. ‘ಐದಕ್ಕೇ ಏಳ್ತಾಳೆ, ಆಲು ಕರೆಯಾದೂ ಕಲ್ತವಳೆ’ ಎಂದು, ಈ ಸಲ ಆರಿಸದೆ, ಒಂದೇ ಉಸಿರಿನಲ್ಲಿ ಹೇಳಿದಳು.